ಅಂಗಡಿ, ಮೇಲೊಂದು ಮನೆ, ಕಟ್ಟಡ ಬಾಡಿಗೆಯದು: ಬಿಟ್ಟುಕೊಡುವಾಗ ಬ್ರೋಕರ್ ಕಮಿಷನ್ ಲೆಕ್ಕ

“ರನ್ನಿಂಗ್ ಹೋಟೆಲ್ ಕೊಡುವುದಿದೆ, ಮಹಡಿ ಮೇಲೆ ಮನೆ, ಕಾಲೇಜಿಗೆ ಹತ್ತಿರ.” ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಾಲು ಆಗಾಗ ಕಾಣುತ್ತದೆ. ಎಸ್.ಐ.ಟಿ. ಕಾಲೇಜಿನ ಸುತ್ತಮುತ್ತ, ಬಟವಾಡಿ, ಕ್ಯಾತ್ಸಂದ್ರ, ಮರಳೂರು, ಶಿರಾ ಗೇಟ್, ಗುಬ್ಬಿ ಗೇಟ್ ಕಡೆಯೆಲ್ಲ ಒಂದೇ ಅಚ್ಚಿನ ಅಂಗಡಿಗಳಿವೆ. ಮುಂದೆ ಹೋಟೆಲೋ ಬೇಕರಿಯೋ ಪ್ರಾವಿಜನ್ ಸ್ಟೋರೋ, ಹಿಂದೆ ಅಥವಾ ಮೇಲೆ ಎರಡು ರೂಮಿನ ಮನೆ. ಕಟ್ಟಡ ಓನರ್‌ದು, ವ್ಯಾಪಾರ ನಡೆಸುವವರದು. ಬಿಟ್ಟುಕೊಡುವ ಹೊತ್ತು ಬಂದಾಗ ಬ್ರೋಕರ್ ಬರುತ್ತಾರೆ, “ಎಷ್ಟು ಪರ್ಸೆಂಟ್?” ಅನ್ನುವ ಚೌಕಾಸಿ ಒಂದು ಗಂಟೆ ನಡೆಯುತ್ತದೆ. ಮೂರರಿಂದ ಎರಡೂವರೆಗೆ ಇಳಿಸಿದೆವು ಅಂತ ಸಮಾಧಾನವಾಗುತ್ತದೆ. ಆ ಎರಡೂವರೆ ಯಾವ ಮೊತ್ತದ ಮೇಲೆ, ಯಾವ ದಿನ ಕೊಡಬೇಕು, ಓನರ್ ಒಪ್ಪದೇ ಹೋದರೆ ಏನು ಕಥೆ, ಈ ಮೂರನ್ನು ಕೇಳುವವರು ತೀರಾ ಕಡಿಮೆ. ದುಡ್ಡು ಸೋರುವುದು ಮಾತ್ರ ಈ ಮೂರು ಕಡೆಯಿಂದಲೇ.

ಬಾಡಿಗೆ ಮನೆ ಹಿಡಿದುಕೊಟ್ಟರೆ ಒಂದು ತಿಂಗಳ ಬಾಡಿಗೆ, ಸೈಟು ಮನೆ ಮಾರಿಸಿದರೆ ಒಂದೋ ಎರಡೋ ಪರ್ಸೆಂಟ್ ಅನ್ನುವ ರೂಢಿ ಎಲ್ಲರಿಗೂ ಗೊತ್ತು. ನಡೆಯುತ್ತಿರುವ ವ್ಯಾಪಾರ ಕೈ ಬದಲಾಗುವುದಕ್ಕೆ ಅಂಥ ಗಟ್ಟಿ ರೂಢಿ ಇಲ್ಲ. ರಿಯಲ್ ಎಸ್ಟೇಟ್ ವ್ಯವಹಾರ ನಿಯಂತ್ರಿಸುವ ರೇರಾ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇದೆಯಲ್ಲ ಅಂದರೆ, ಅದು ಲೇಔಟ್, ಅಪಾರ್ಟ್‌ಮೆಂಟ್‌ನಂಥ ಪ್ರಾಜೆಕ್ಟ್‌ಗಳ ಸೈಟು, ಫ್ಲಾಟ್ ಮಾರಾಟಕ್ಕೆ. ಬಾಡಿಗೆ ಕಟ್ಟಡದ ಇಡ್ಲಿ ಹೋಟೆಲ್ ಕೈ ಬದಲಾಗುವುದು ಅದರೊಳಗೆ ಬರುವುದಿಲ್ಲ. ಹಾಗಾಗಿ ನಿಮಗೂ ಬ್ರೋಕರಿಗೂ ನಡುವೆ ಬರೆದುಕೊಂಡ ಒಂದು ಹಾಳೆಯೇ ಇಬ್ಬರಿಗೂ ಆಧಾರ.

ಮಾರುತ್ತಿರುವುದು ಏನನ್ನು?

ಕಟ್ಟಡ ನಿಮ್ಮದಲ್ಲ, ಅದನ್ನು ಮಾರಲಾಗದು. ಕೈ ಬದಲಾಗುವ ದುಡ್ಡಿನಲ್ಲಿ ಐದು ಬಗೆ ಇರುತ್ತದೆ. ಮೊದಲನೆಯದು ಗುಡ್‌ವಿಲ್: ಗಿರಾಕಿ, ಹೆಸರು, ಜಾಗದ ಬಲ. ಎರಡನೆಯದು ಸಾಮಾನು: ಒಲೆ, ಗ್ರೈಂಡರ್, ಫ್ರಿಡ್ಜ್, ಟೇಬಲ್, ಬೇಕರಿಯಾದರೆ ಓವನ್ ಮತ್ತು ಗಾಜಿನ ಕೌಂಟರ್. ಮೂರನೆಯದು ದಾಸ್ತಾನು, ಅಂದರೆ ಆ ದಿನ ಅಂಗಡಿಯಲ್ಲಿರುವ ಅಕ್ಕಿ, ಬೇಳೆ, ಎಣ್ಣೆ. ನಾಲ್ಕನೆಯದು ಅಂಗಡಿಯ ಅಡ್ವಾನ್ಸ್. ಐದನೆಯದು ಮನೆಯ ಅಡ್ವಾನ್ಸ್ ಅಥವಾ ಭೋಗ್ಯದ ಹಣ.

ಇದರಲ್ಲಿ ಬ್ರೋಕರ್ ದುಡಿಮೆಯಿಂದ ನಿಮಗೆ ಸಿಗುವುದು ಮೊದಲ ಎರಡು ಮಾತ್ರ. ಅಡ್ವಾನ್ಸ್ ನೀವೇ ವರ್ಷಗಳ ಹಿಂದೆ ಓನರ್ ಕೈಗೆ ಕೊಟ್ಟಿದ್ದ ನಿಮ್ಮ ದುಡ್ಡು, ವಾಪಸ್ ಬರುತ್ತಿದೆ ಅಷ್ಟೇ. ದಾಸ್ತಾನನ್ನು ಕೊಂಡ ಬೆಲೆಗೇ ಕೊಡುತ್ತೀರಿ, ಅದರಲ್ಲಿ ಲಾಭವಿಲ್ಲ. ಆದರೂ “ಒಟ್ಟು ಡೀಲ್ ಮೇಲೆ ಮೂರು ಪರ್ಸೆಂಟ್” ಅನ್ನುವ ಮಾತಿನಲ್ಲಿ ಐದೂ ಸೇರಿಹೋಗುತ್ತವೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಗಡಿ ಅಡ್ವಾನ್ಸ್ 3,00,000 ರೂಪಾಯಿ, ಮನೆ ಅಡ್ವಾನ್ಸ್ 80,000, ಗುಡ್‌ವಿಲ್ 2,50,000, ಸಾಮಾನು 3,20,000, ದಾಸ್ತಾನು 30,000. ಒಟ್ಟು 9,80,000. ಇದರ ಮೇಲೆ ಶೇ. 3 ಅಂದರೆ 29,400 ರೂಪಾಯಿ. ಗುಡ್‌ವಿಲ್ ಮತ್ತು ಸಾಮಾನಿನ 5,70,000ದ ಮೇಲೆ ಮಾತ್ರ ಅದೇ ಶೇ. 3 ಹಾಕಿದರೆ 17,100. ವ್ಯತ್ಯಾಸ 12,300. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ 5,70,000ದ ಮೇಲೆ ಧಾರಾಳವಾಗಿ ಶೇ. 5 ಕೊಟ್ಟರೂ 28,500. “ಒಟ್ಟು ಡೀಲ್ ಮೇಲೆ ಮೂರು” ಅನ್ನುವುದಕ್ಕಿಂತ ಕಡಿಮೆಯೇ. ಅದಕ್ಕೇ ಪರ್ಸೆಂಟ್ ವಿಷಯದಲ್ಲಿ ಜಗ್ಗಾಡುವುದಕ್ಕಿಂತ, ಬ್ರೋಕರ್ ಕೇಳಿದಷ್ಟು ಕೊಟ್ಟು, ಯಾವ ಮೊತ್ತದ ಮೇಲೆ ಅನ್ನುವುದನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳುವುದು ಮೇಲು. ಎದುರಿಗಿರುವವರಿಗೂ ಗೌರವ ಉಳಿಯುತ್ತದೆ.

ನಮ್ಮ ಕಡೆ “ಲೀಸ್” ಅನ್ನುವ ಪದ ಇನ್ನೊಂದು ಗೊಂದಲ ಎಬ್ಬಿಸುತ್ತದೆ. ಕಾಗದದಲ್ಲಿ ಲೀಸ್ ಅಂದರೆ ಗುತ್ತಿಗೆ, ಬಾಡಿಗೆ ಕರಾರು. ಜನರ ಬಾಯಲ್ಲಿ “ಮನೆ ಲೀಸ್‌ಗೆ ಇದೆ” ಅಂದರೆ ಭೋಗ್ಯ: ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ವಾಪಸ್ ಪಡೆಯುವುದು. ಅಂಗಡಿ ಬಾಡಿಗೆಗೆ, ಮೇಲಿನ ಮನೆ ಭೋಗ್ಯಕ್ಕೆ ಇರುವುದೂ ಉಂಟು. ಮನೆ 6,00,000 ಭೋಗ್ಯದ್ದಾಗಿ, ಅದೂ “ಡೀಲ್” ಒಳಗೆ ಸೇರಿದರೆ ಶೇ. 3ರಂತೆ 18,000 ರೂಪಾಯಿ ಸುಮ್ಮನೆ ಕೈಬಿಡುತ್ತದೆ, ಅದೂ ನಿಮ್ಮದೇ ದುಡ್ಡು ನಿಮಗೆ ವಾಪಸ್ ಬಂದದ್ದಕ್ಕೆ. ಭೋಗ್ಯದ ಹಣ ಕಮಿಷನ್ ಲೆಕ್ಕಕ್ಕೆ ಇಲ್ಲ ಅಂತ ಬಾಯಿ ಬಿಟ್ಟು ಹೇಳಿ, ಹಾಳೆಯಲ್ಲೂ ಬರೆಸಿ.

ಮನೆಯ ವಿಷಯದಲ್ಲಿ ಇನ್ನೂ ಒಂದಿದೆ. ಅಂಗಡಿಗೆ ಪರ್ಸೆಂಟ್ ತೆಗೆದುಕೊಂಡ ಮೇಲೆ, “ಮನೆಗೆ ಒಂದು ತಿಂಗಳ ಬಾಡಿಗೆ ಬೇರೆ” ಅಂತ ಕೊನೆಗೆ ಕೇಳುತ್ತಾರೆ. ಅಂಗಡಿ ಮನೆ ಎರಡೂ ಒಬ್ಬರಿಗೇ, ಒಂದೇ ಮಾತುಕತೆಯಲ್ಲಿ ಹೋದರೆ ಕಮಿಷನ್ ಒಂದೇ. ಕೊಳ್ಳುವವರಿಗೆ ಮನೆ ಬೇಡವಾಗಿ, ಬ್ರೋಕರ್ ಬೇರೆ ಸಂಸಾರವನ್ನು ಹುಡುಕಿ ಕೂರಿಸಿದರೆ ಅದು ಬೇರೆ ಕೆಲಸ. ಆ ಕಮಿಷನ್ ಕೊಡಬೇಕಾದವರು ಓನರ್ ಅಥವಾ ಹೊಸದಾಗಿ ಬರುವ ಬಾಡಿಗೆದಾರರೇ ಹೊರತು ಖಾಲಿ ಮಾಡುತ್ತಿರುವ ನೀವಲ್ಲ.

ಬ್ರೋಕರಿಗಿಂತ ಮೊದಲು ಓನರ್

ಹೆಚ್ಚಿನ ಮಾತುಕತೆ ಮುರಿಯುವುದು ಬೆಲೆಯಿಂದಲ್ಲ, ಓನರ್‌ನಿಂದ. ಗಿರಾಕಿ ಬಂದು, ಟೋಕನ್ ಕೊಟ್ಟು, ಆಮೇಲೆ ಓನರ್ ಮನೆಗೆ ಹೋದರೆ ಅವರು ಹೇಳುವ ಮೊದಲ ಮಾತು: “ಬಿಲ್ಡಿಂಗ್ ನಂದು, ಗುಡ್‌ವಿಲ್ ನೀವ್ ಹೆಂಗ್ ತಗೊಳ್ತೀರಾ?” ಎರಡನೆಯದು: “ಹೊಸಬರಾದ್ರೆ ಬಾಡಿಗೆ ಐದ್ ಸಾವ್ರ ಜಾಸ್ತಿ, ಅಡ್ವಾನ್ಸ್ ಇನ್ನೊಂದ್ ಲಕ್ಷ.” ಗಿರಾಕಿ ಅಲ್ಲಿಂದಲೇ ಹಿಂದೆ ಸರಿಯುತ್ತಾರೆ. ಬ್ರೋಕರ್ ನಿಮ್ಮ ಮುಂದೆ ನಿಂತು, “ನಾನು ಗಿರಾಕಿ ತಂದೆ, ನನ್ನ ಕೆಲಸ ಮುಗೀತು” ಅನ್ನುತ್ತಾರೆ.

ಕಾನೂನು ಏನು ಹೇಳುತ್ತದೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇಡ ಅಂತ ಬರೆಯದಿದ್ದರೆ ಬಾಡಿಗೆದಾರರು ತಮ್ಮ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬಹುದು. ಆದರೆ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ಸಿದ್ಧ ಕರಾರುಗಳಲ್ಲಿ “ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಬೇರೆಯವರಿಗೆ ವಹಿಸತಕ್ಕದ್ದಲ್ಲ” ಅನ್ನುವ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲಿದ್ದರೆ ಓನರ್ ಸಹಿ ಇಲ್ಲದೆ ನೀವು ಏನನ್ನೂ ಕೊಡಲಾಗದು. ಸಾಲು ಇಲ್ಲದಿದ್ದರೂ ನಿಮ್ಮ ಕರಾರಿನ ಮೇಲೆಯೇ ಹೊಸಬರನ್ನು ಕೂರಿಸಬೇಡಿ. ಹಕ್ಕು ವಹಿಸಿಕೊಟ್ಟ ಮಾತ್ರಕ್ಕೆ ಹಳಬರ ಹೊಣೆ ತಪ್ಪುವುದಿಲ್ಲ ಅಂತ ಅದೇ ಸೆಕ್ಷನ್ ಹೇಳುತ್ತದೆ. ಅವರು ಬಾಡಿಗೆ ಬಾಕಿ ಇಟ್ಟರೆ ಓನರ್ ಬಂದು ಹಿಡಿಯುವುದು ನಿಮ್ಮನ್ನು.

ಕರಾರಿನ ಅವಧಿ ಇದಕ್ಕಿಂತ ದೊಡ್ಡ ವಿಷಯ. ಬ್ರೋಕರ್ ಜಾಹೀರಾತಿನಲ್ಲಿ “5 ವರ್ಷ ಲೀಸ್ ಇದೆ” ಅಂತ ಹಾಕುತ್ತಾರೆ. ಕೊಳ್ಳುವವರು ತಮ್ಮ ಕಡೆಯ ವಕೀಲರಿಗೆ ತೋರಿಸಿದಾಗ ಹೊರಬರುವುದು 11 ತಿಂಗಳ ಕರಾರು, ಅದೂ ಮುಗಿದು ಎಷ್ಟೋ ಕಾಲವಾಗಿ ಬಾಯಿಮಾತಿನಲ್ಲಿ ನಡೆಯುತ್ತಿರುವುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಂದಣಿ ಇಲ್ಲದೆ ತಿಂಗಳ ಬಾಡಿಗೆ ಕೊಟ್ಟುಕೊಂಡು ನಡೆದರೆ ಅದು ತಿಂಗಳ ಲೆಕ್ಕದ ಬಾಡಿಗೆ, 15 ದಿನದ ನೋಟಿಸ್‌ನಲ್ಲಿ ಮುಗಿಸಬಹುದಾದದ್ದು. ಎರಡೂವರೆ ಲಕ್ಷದ ಗುಡ್‌ವಿಲ್ 15 ದಿನದ ನೋಟಿಸ್ ಮೇಲೆ ನಿಂತಿದೆ ಅಂತ ಗೊತ್ತಾದ ತಕ್ಷಣ ಗಿರಾಕಿ ಬೆಲೆ ಅರ್ಧಕ್ಕೆ ಇಳಿಸುತ್ತಾರೆ. ಅವರ ತಪ್ಪಿಲ್ಲ.

ಆದ್ದರಿಂದ ಬ್ರೋಕರಿಗೆ ಫೋನ್ ಮಾಡುವ ಮುಂಚೆ ಓನರ್ ಮನೆಗೆ ಹೋಗಿ. ನಾಲ್ಕು ವಿಷಯ ಕೇಳಿಕೊಂಡು ಬನ್ನಿ: ಹೊಸಬರಿಗೆ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಎಷ್ಟು ವರ್ಷಕ್ಕೆ ನೋಂದಣಿ ಮಾಡಿಸಿಕೊಡುತ್ತಾರೆ, ನಿಮ್ಮ ಅಡ್ವಾನ್ಸ್‌ನಲ್ಲಿ ಏನೇನು ಹಿಡಿಯುತ್ತಾರೆ. ಕೊನೆಯದನ್ನು ಮರೆಯಬೇಡಿ. ಮನೆಗೆ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ಪದ್ಧತಿ ಇದೆ. ಹೋಟೆಲ್ ಹೊಗೆ ಹತ್ತಿದ ಗೋಡೆ, ಕಟ್ಟಿದ ಚರಂಡಿ, ಒಡೆದ ಟೈಲ್ಸ್ ಅಂತ ಅಂಗಡಿಗೂ ಸೇರಿಸುತ್ತಾರೆ. ಇಷ್ಟೂ ಉತ್ತರವನ್ನು ಓನರ್‌ಗೆ ಒಂದು ವಾಟ್ಸಾಪ್ ಮೆಸೇಜ್ ಆಗಿ ಕಳಿಸಿ, “ಸರಿ” ಅಂತ ಉತ್ತರ ಪಡೆದಿಟ್ಟುಕೊಳ್ಳಿ. ಗುಡ್‌ವಿಲ್‌ನಲ್ಲಿ ಪಾಲು ಕೇಳುವ ಓನರ್‌ಗಳೂ ಇದ್ದಾರೆ. ಕೊಡುವುದಾದರೆ ಎಷ್ಟು ಅಂತ ಈಗಲೇ ಗೊತ್ತಾಗಲಿ. ಬೆಲೆ ಕಟ್ಟುವಾಗ ಸೇರಿಸಿಕೊಳ್ಳಬಹುದು.

ಅಡ್ವಾನ್ಸ್ ವಾಪಸಾತಿಯನ್ನೂ ಅಲ್ಲೇ ತೀರ್ಮಾನಿಸಿ. ಓನರ್ ಕೈಯಲ್ಲಿ ಆ ದುಡ್ಡು ಹಾಗೇ ಇರುವುದು ಅಪರೂಪ. ಹಾಗಾಗಿ ಹೊಸಬರು ನೇರ ನಿಮಗೇ ಕೊಟ್ಟು, ಓನರ್ “ನನಗೆ ಬಂದಂತೆ” ಅಂತ ಒಪ್ಪಿಕೊಳ್ಳುವುದು ಬಳಕೆಯಲ್ಲಿದೆ. ತೊಂದರೆ ಇಲ್ಲ, ಆದರೆ ಹೊಸ ಕರಾರಿನಲ್ಲಿ “ಅಡ್ವಾನ್ಸ್ 3,00,000 ರೂಪಾಯಿ ಓನರ್‌ಗೆ ಸಂದಾಯವಾಗಿದೆ” ಅನ್ನುವ ಸಾಲು ಇರಲೇಬೇಕು, ನಿಮಗೆ ಓನರ್‌ರಿಂದ “ಬಾಕಿ ಇಲ್ಲ” ಅನ್ನುವ ಪತ್ರ ಬರಬೇಕು. ಈ ಎರಡೂ ಬಾರದೆ ಬ್ರೋಕರ್ ಕಮಿಷನ್ ಪೂರ್ತಿ ಕೊಡಬೇಡಿ. ಒಬ್ಬ ಒಳ್ಳೆಯ ಬ್ರೋಕರ್ ಓಡಾಡಿ ಮಾಡಿಸಬೇಕಾದ ಕೆಲಸ ಇದೇ.

ಯಾವಾಗ ಕೊಡಬೇಕು?

1872ರ ಭಾರತೀಯ ಕರಾರು ಕಾಯ್ದೆಯ 219ನೇ ಸೆಕ್ಷನ್ ಸರಳವಾಗಿದೆ: ಬೇರೆ ಒಪ್ಪಂದ ಇಲ್ಲದಿದ್ದರೆ, ವಹಿಸಿದ ಕೆಲಸ ಪೂರ್ತಿಯಾಗುವವರೆಗೆ ಏಜೆಂಟರ ಕೂಲಿ ಬಾಕಿಯಾಗುವುದಿಲ್ಲ. “ಬೇರೆ ಒಪ್ಪಂದ ಇಲ್ಲದಿದ್ದರೆ” ಅನ್ನುವುದನ್ನು ಗಮನಿಸಿ. ಬ್ರೋಕರ್ ಕೊಡುವ ಅಚ್ಚು ಮಾಡಿದ ಫಾರಂನಲ್ಲಿ “ಗಿರಾಕಿ ಪರಿಚಯಿಸಿದ ಕೂಡಲೇ” ಅಥವಾ “ಟೋಕನ್ ಪಡೆದ ದಿನ” ಅಂತ ಇದ್ದರೆ ಆ ರಕ್ಷಣೆ ಹೋಯಿತು. ಸಹಿ ಹಾಕುವ ಮುಂಚೆ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ.

ನನ್ನ ಮಟ್ಟಿಗೆ ಸರಿಯಾದ ಹಂಚಿಕೆ ಹೀಗೆ: ಟೋಕನ್ ದಿನ ಏನೂ ಇಲ್ಲ, ಓನರ್ ಹೊಸಬರ ಕರಾರಿಗೆ ಸಹಿ ಹಾಕಿ ನಿಮ್ಮ ಖಾತೆಗೆ ದುಡ್ಡು ಬಿದ್ದ ದಿನ ಅರ್ಧ, ಬೀಗದ ಕೈ ಕೊಟ್ಟು, ಮೀಟರ್ ರೀಡಿಂಗ್ ಬರೆದುಕೊಂಡು, “ಬಾಕಿ ಇಲ್ಲ” ಪತ್ರ ಬಂದ ದಿನ ಉಳಿದರ್ಧ. ಟೋಕನ್ ದುಡ್ಡು ನೇರ ನಿಮ್ಮ ಖಾತೆಗೇ ಬರಲಿ, ಬ್ರೋಕರ್ ಕೈಗೆ ಬೇಡ. 50,000 ಟೋಕನ್ ಬ್ರೋಕರ್ ಕೈಯಲ್ಲಿದ್ದು, ಮಾತುಕತೆ ಮುರಿದಾಗ ಅವರು ಅದನ್ನು ಕಮಿಷನ್‌ಗೆ ಹಿಡಿದುಕೊಂಡರೆ, ಕೊಳ್ಳುವವರು ವಾಪಸ್ ಕೇಳುವುದು ನಿಮ್ಮನ್ನು. ಟೋಕನ್ ರಸೀದಿಯಲ್ಲಿ ಒಂದು ಸಾಲು ಸಾಕು: “ಓನರ್ ಒಪ್ಪದಿದ್ದರೆ ಟೋಕನ್ ಪೂರ್ತಿ ವಾಪಸ್, ಯಾರಿಗೂ ಕಮಿಷನ್ ಇಲ್ಲ.”

ಮುಂಗಡವಾಗಿ “ಜಾಹೀರಾತು ಖರ್ಚು”, “ಲಿಸ್ಟಿಂಗ್ ಫೀಸ್” ಕೇಳುವವರಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಪೇಪರ್ ಜಾಹೀರಾತು ಬೇಕೇ ಬೇಕು ಅನಿಸಿದರೆ ನೀವೇ ನೇರ ಕೊಡಿ, ಇಲ್ಲವೇ ಕಮಿಷನ್‌ನಲ್ಲಿ ಮುರಿದುಕೊಳ್ಳುವ ಷರತ್ತಿನ ಮೇಲೆ ಕೊಡಿ.

“ಮೇಲಿನದು ನಂದು”

ಬ್ರೋಕರ್ ಹೇಳುವುದರಲ್ಲಿ ಅತ್ಯಂತ ಸಿಹಿಯಾದ ಮಾತು ಇದು: “ಅಣ್ಣ, ನಿಮಗೆ ಕಮಿಷನ್ನೇ ಬೇಡ. ಐದ್ ಲಕ್ಷ ನಿಮ್ ಕೈಗ್ ಕೊಡಿಸ್ತೀನಿ, ಮೇಲ್ ಎಷ್ಟ್ ಬಂದ್ರೂ ನಂದು.” ಗುಡ್‌ವಿಲ್ ಮತ್ತು ಸಾಮಾನು 6,20,000ಕ್ಕೆ ಹೋಯಿತು ಅಂದುಕೊಳ್ಳಿ. ಬ್ರೋಕರ್ ಪಾಲು 1,20,000, ಅಂದರೆ ಶೇ. 19ಕ್ಕೂ ಮೇಲೆ. ಅಷ್ಟೇ ಆಗಿದ್ದರೆ ಒಪ್ಪಿಕೊಂಡ ಮಾತು ಅಂತ ಬಿಡಬಹುದಿತ್ತು. ಇದರಲ್ಲಿ ಇನ್ನೆರಡು ಅಪಾಯಗಳಿವೆ.

ಒಂದು, ಬೆಲೆ ಮುಚ್ಚಿಡಬೇಕಾದ್ದರಿಂದ ನಿಮ್ಮನ್ನೂ ಕೊಳ್ಳುವವರನ್ನೂ ಒಟ್ಟಿಗೆ ಕೂರಲು ಬಿಡುವುದಿಲ್ಲ. ಪಾತ್ರೆ, ಕೆಲಸಗಾರರು, ಹಾಲಿನವರ ಬಾಕಿ, ಯಾವುದೂ ಮುಖಾಮುಖಿ ಮಾತಾಗುವುದಿಲ್ಲ. ಎಲ್ಲ ಬಾಯಿಂದ ಬಾಯಿಗೆ, ಅರ್ಧ ತಿರುಚಿ ಬರುತ್ತದೆ. ಎರಡು, ಕೊಳ್ಳುವವರು 6,20,000 ನಿಮ್ಮ ಖಾತೆಗೆ ಹಾಕಿ, ನೀವು 1,20,000 ನಗದಾಗಿ ತೆಗೆದು ಬ್ರೋಕರಿಗೆ ಕೊಟ್ಟು, ರಸೀದಿ ಇಲ್ಲದಿದ್ದರೆ ತೆರಿಗೆ ಲೆಕ್ಕದಲ್ಲಿ ಆ ಪೂರ್ತಿ ದುಡ್ಡು ನಿಮ್ಮದೇ. ಏಜೆಂಟ್ ತನ್ನ ಯಜಮಾನರಿಗೆ ತಿಳಿಸದೆ ಆ ವ್ಯವಹಾರದಲ್ಲಿ ತನ್ನ ಸ್ವಂತ ಲೆಕ್ಕಕ್ಕೆ ವ್ಯವಹರಿಸಿದರೆ, ಅದರ ಲಾಭವನ್ನು ಯಜಮಾನರು ಕೇಳಬಹುದು ಅಂತ ಕರಾರು ಕಾಯ್ದೆಯ 216ನೇ ಸೆಕ್ಷನ್ ಹೇಳುತ್ತದೆ. ಆದರೆ ನೀವೇ “ಮೇಲಿನದು ನಿಂದು” ಅಂದುಬಿಟ್ಟ ಮೇಲೆ ಹಾಗೆ ಕೇಳಲು ಬಾಯಿ ಎಲ್ಲಿದೆ? ಈ ಏರ್ಪಾಟಿಗೆ ಒಪ್ಪಲೇಬೇಡಿ.

ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುವುದು ಇಲ್ಲಿ ಮಾಮೂಲು, ಅದನ್ನು ತಪ್ಪು ಅನ್ನಲಾರೆ. ಆದರೆ ಕೊಳ್ಳುವವರಿಂದ ಎಷ್ಟು ಅನ್ನುವುದು ನಿಮಗೆ ಗೊತ್ತಿರಬೇಕು. ಆ ಕಡೆಯಿಂದ ಹೆಚ್ಚು ಬರುತ್ತಿದ್ದರೆ ನಿಮ್ಮ ಬೆಲೆ ಇಳಿಸುವುದರಲ್ಲೇ ಅವರ ಲಾಭ. ಹಾಗೆಯೇ “ಕೈ”ಗಳ ಸರಪಳಿ. ಮಂಡಿಪೇಟೆಯ ಬ್ರೋಕರ್ ಕ್ಯಾತ್ಸಂದ್ರದವರಿಗೆ, ಅವರು ನೆಲಮಂಗಲದವರಿಗೆ ಹೇಳಿ, ಕೊನೆಗೆ ಮೂವರೂ ಬಂದು ನಿಲ್ಲುತ್ತಾರೆ. ಕಮಿಷನ್ ಒಂದೇ, ಹಂಚಿಕೊಳ್ಳುವುದು ಅವರವರ ಜವಾಬ್ದಾರಿ ಅಂತ ಮೊದಲೇ ಬರೆಸಿಕೊಳ್ಳಿ.

ಬ್ರೋಕರ್ ಕಡೆಯ ನ್ಯಾಯವನ್ನೂ ಹೇಳಬೇಕು. ಹತ್ತು ಗಿರಾಕಿ ಕರೆತಂದು, ಹನ್ನೊಂದನೆಯವರನ್ನು ಕೂರಿಸಿ ಮಾತಾಡಿಸಿದ ಮೇಲೆ, ಹಿಂದಿನ ಬಾಗಿಲಿನಿಂದ ನಂಬರ್ ತೆಗೆದುಕೊಂಡು ಎರಡು ತಿಂಗಳು ಬಿಟ್ಟು ತಾವೇ ಮುಗಿಸಿಕೊಳ್ಳುವ ಮಾಲೀಕರಿದ್ದಾರೆ. ಅದು ಅನ್ಯಾಯ. ಅದಕ್ಕೆ ಬ್ರೋಕರ್ ಕೇಳುವ ಷರತ್ತು ನ್ಯಾಯವಾದದ್ದೇ: ತಾನು ತೋರಿಸಿದ ಗಿರಾಕಿ ಮುಂದಿನ 6 ತಿಂಗಳಲ್ಲಿ ಕೊಂಡರೆ ಕಮಿಷನ್ ಬರಬೇಕು. ಒಪ್ಪಿಕೊಳ್ಳಿ, ಆದರೆ ಪ್ರತಿ ಗಿರಾಕಿ ಬಂದ ದಿನವೇ ಹೆಸರು ಮತ್ತು ದಿನಾಂಕವನ್ನು ಬ್ರೋಕರ್ ವಾಟ್ಸಾಪ್‌ನಲ್ಲಿ ಕಳಿಸಿರಬೇಕು ಅನ್ನುವ ಷರತ್ತು ಸೇರಿಸಿ. ಆ ಪಟ್ಟಿಯಲ್ಲಿ ಇಲ್ಲದವರಿಗೆ ಕಮಿಷನ್ ಇಲ್ಲ. ಪಕ್ಕದ ಅಂಗಡಿಯವರು, ನಿಮ್ಮದೇ ಅಡುಗೆಭಟ್ಟರು, ನೆಂಟರು ಕೊಂಡರೂ ಇಲ್ಲ. ಅವರ ಹೆಸರನ್ನು ಮೊದಲೇ ಹೊರಗಿಡಿ.

“ನನಗೊಬ್ಬನಿಗೇ ಕೊಡಿ, ಬೇರೆಯವರಿಗೆ ಬೇಡ” ಅಂತ ಕೇಳಿದರೆ 90 ದಿನ ಸಾಕು. ಅದನ್ನು ಯಾವ ತಿಂಗಳಲ್ಲಿ ಶುರು ಮಾಡುತ್ತೀರಿ ಅನ್ನುವುದು ಮುಖ್ಯ. ಆಷಾಢದಲ್ಲಿ ಹೊಸ ಅಂಗಡಿ ಹಿಡಿಯುವವರು ಕಡಿಮೆ, ಮನೆ ಬದಲಾಯಿಸುವವರು ಇನ್ನೂ ಕಡಿಮೆ. ನಿಮ್ಮದರಲ್ಲಿ ಎರಡೂ ಇದೆ. ಧನುರ್ಮಾಸವೂ ಹಾಗೇ. ಜ್ಯೇಷ್ಠದ ಕೊನೆಗೆ 90 ದಿನ ಕೊಟ್ಟರೆ ಅದರಲ್ಲಿ ಒಂದು ತಿಂಗಳು ಪೂರ್ತಿ ವ್ಯರ್ಥ. ಕಾಲೇಜು ನಂಬಿದ ಹೋಟೆಲ್ ಆದರೆ ಸೆಮಿಸ್ಟರ್ ರಜೆಯನ್ನೂ ನೋಡಿಕೊಳ್ಳಿ. ಕೊಳ್ಳುವವರು ಎರಡು ಮೂರು ದಿನ ಗಲ್ಲಾ ಪಕ್ಕ ಕೂತು ವ್ಯಾಪಾರ ನೋಡದೆ ಬೆಲೆ ಒಪ್ಪುವುದಿಲ್ಲ. ಹಾಸ್ಟೆಲ್ ಖಾಲಿಯಿದ್ದಾಗ ಕೂತರೆ ಅವರು ನೋಡುವುದು ಖಾಲಿ ಟೇಬಲ್‌ಗಳನ್ನೇ.

ಹಾಗೆ ನೋಡಲು ಬರುವವರನ್ನು ಬ್ರೋಕರ್ ಹೇಗೆ ಕರೆತರುತ್ತಾರೆ ಅನ್ನುವುದೂ ಕರಾರಿನ ವಿಷಯವೇ. ಅಂಗಡಿ ಮುಂದೆ ಬೋರ್ಡ್ ಬೇಡ, ಜಾಹೀರಾತಿನಲ್ಲಿ ಹೆಸರಾಗಲಿ ಫೋಟೋ ಆಗಲಿ ಬೇಡ. ಹೋಟೆಲ್ ಕೊಡುತ್ತಿದ್ದಾರೆ ಅಂತ ಗೊತ್ತಾದ ವಾರದಲ್ಲೇ ಭಟ್ಟರು ಬೇರೆ ಕಡೆ ಕೆಲಸ ನೋಡುತ್ತಾರೆ, ಹಾಲಿನವರು ದಿನದ ದುಡ್ಡು ದಿನಕ್ಕೇ ಕೇಳುತ್ತಾರೆ. ಲೆಕ್ಕದ ಪುಸ್ತಕ, ಯುಪಿಐ ಸ್ಟೇಟ್‌ಮೆಂಟ್ ಟೋಕನ್ ಬಂದ ಮೇಲೆ ಮಾತ್ರ.

ಸಾಮಾನಿನ ಪಟ್ಟಿ

ಕಮಿಷನ್ ನಿಂತಿರುವುದು ಈ ಪಟ್ಟಿಯ ಮೇಲೆ, ಆದ್ದರಿಂದ ಇದು ಹಾಳೆಗೆ ಅಂಟಿಕೊಂಡೇ ಇರಬೇಕು. “ಕಿಚನ್ ಸೆಟಪ್ ಪೂರ್ತಿ” ಅಂತ ಬರೆದರೆ ಕೊನೆಯ ದಿನ ಜಗಳ ಖಾತ್ರಿ. ಹೀಗೆ ಬರೆಯಿರಿ: ತಟ್ಟೆ ಇಡ್ಲಿ ಸ್ಟೀಮರ್ 1, ತಟ್ಟೆ 60, ದೋಸೆ ಕಾವಲಿ 1, ಅಡಿಯ ಬರ್ನರ್ ಸಹಿತ, 10 ಲೀಟರ್ ಟಿಲ್ಟಿಂಗ್ ಗ್ರೈಂಡರ್ 1, ಮೋಟಾರ್ ಬದಲಾಯಿಸಿದ ವರ್ಷ, ಸ್ಟೀಲ್ ಟೇಬಲ್ 6, ಎಕ್ಸಾಸ್ಟ್ ಫ್ಯಾನ್ 2. ಪ್ರತಿಯೊಂದರ ಮುಂದೆ ಬೆಲೆ, ಮೊಬೈಲ್‌ನಲ್ಲಿ ಫೋಟೋ.

ಪಟ್ಟಿಗೆ ಸೇರಿಸಬಾರದ್ದೂ ಇದೆ. ಕೂಲ್ ಡ್ರಿಂಕ್ಸ್, ಐಸ್‌ಕ್ರೀಂ ಕಂಪನಿಯವರು ಇಟ್ಟಿರುವ ಫ್ರಿಡ್ಜ್ ಅವರದು, ನೀವು ಮಾರುವಂತಿಲ್ಲ. ಮುದ್ರಾ ಸಾಲದಲ್ಲಿ ಕೊಂಡ ಓವನ್ ಬ್ಯಾಂಕಿಗೆ ಅಡಮಾನವಾಗಿದ್ದರೆ ಸಾಲ ತೀರಿಸಿ ಎನ್.ಒ.ಸಿ. (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಪಡೆಯದೆ ಕೊಡಲಾಗದು. ಗೋಡೆಗೆ ಹಾಕಿದ ಟೈಲ್ಸ್, ಶಟರ್, ನೀರಿನ ಸಂಪು ಕಟ್ಟಡದ ಭಾಗ ಅಂತ ಓನರ್ ಹೇಳುತ್ತಾರೆ. ನಿಮ್ಮ ಖರ್ಚಿನದಾದರೆ ಮೊದಲೇ ಅವರ ಹತ್ತಿರ ಮಾತಾಡಿ. 19 ಕೆ.ಜಿ. ಸಿಲಿಂಡರ್‌ಗಳ ಸಂಖ್ಯೆ ಮತ್ತು ಡಿಪಾಸಿಟ್ ಚೀಟಿ ಪಟ್ಟಿಯಲ್ಲಿರಲಿ. ಮೇಲಿನ ಮನೆಯ 14.2 ಕೆ.ಜಿ. ಸಿಲಿಂಡರ್ ನಿಮ್ಮ ಸಂಸಾರದ್ದು, ಅದು ನಿಮ್ಮ ಜೊತೆ ಹೋಗಬೇಕು. ಅದನ್ನು ಹೋಟೆಲ್ ಒಲೆಗೆ ಹಾಕುವುದು ನಿಯಮಕ್ಕೆ ವಿರುದ್ಧ. ಗಿರಾಕಿ ನೋಡಲು ಬಂದಾಗ ಕೆಳಗೆ ಕಂಡರೆ ನಿಮ್ಮ ಗ್ಯಾಸ್ ಖರ್ಚಿನ ಲೆಕ್ಕವನ್ನೇ ನಂಬುವುದಿಲ್ಲ.

ಪರವಾನಗಿಗಳನ್ನು “ಟ್ರಾನ್ಸ್‌ಫರ್ ಮಾಡಿಸಿಕೊಡ್ತೀವಿ” ಅಂತ ಬ್ರೋಕರ್ ಬಾಯಿಂದ ಬರಕೂಡದು. ಜಿ.ಎಸ್.ಟಿ. ನಂಬರ್ ನಿಮ್ಮ ಪ್ಯಾನ್‌ಗೆ ಸೇರಿದ್ದು, ಹೊಸಬರು ಬೇರೆ ಮಾಡಿಸಬೇಕು. ಆಹಾರ ಸುರಕ್ಷತೆಯ ಎಫ್.ಎಸ್.ಎಸ್.ಎ.ಐ. ಪರವಾನಗಿ ಮತ್ತು ಮಹಾನಗರ ಪಾಲಿಕೆಯ ಉದ್ದಿಮೆ ಪರವಾನಗಿಯನ್ನೂ ಹೊಸಬರು ತಮ್ಮ ಹೆಸರಲ್ಲೇ ಮಾಡಿಸಲಿ. ನಿಮ್ಮವನ್ನು ರದ್ದು ಮಾಡಿಸಿ, ಕೌಂಟರ್ ಮೇಲಿನ ಕ್ಯುಆರ್ ಕೋಡ್ ತೆಗೆಯಿರಿ. ಕೋಡ್ ಹಾಗೇ ಉಳಿದರೆ ಅವರ ವ್ಯಾಪಾರದ ದುಡ್ಡು ನಿಮ್ಮ ಖಾತೆಗೆ ಬಿದ್ದು, ನಿಮ್ಮ ಆದಾಯವಾಗಿ ಕಾಣುತ್ತದೆ.

ಹಾಳೆಯಲ್ಲಿ ಏನಿರಬೇಕು

ಇಷ್ಟು ಸಾಕು, ಇದನ್ನೇ ನಕಲು ಮಾಡಿಕೊಳ್ಳಬಹುದು:

“ಲಗತ್ತಿಸಿದ ಪಟ್ಟಿಯ ಸಾಮಾನು ಹಾಗೂ ಗುಡ್‌ವಿಲ್‌ಗಾಗಿ ಕೊಳ್ಳುವವರು ವಾಸ್ತವವಾಗಿ ಕೊಡುವ ಮೊತ್ತದ ಮೇಲೆ ಮಾತ್ರ ಶೇ. 3 ಕಮಿಷನ್. ಅಂಗಡಿ ಮತ್ತು ಮನೆಯ ಅಡ್ವಾನ್ಸ್, ಭೋಗ್ಯದ ಹಣ, ದಾಸ್ತಾನು ಈ ಲೆಕ್ಕಕ್ಕೆ ಸೇರುವುದಿಲ್ಲ. ಮನೆಗೆ ಪ್ರತ್ಯೇಕ ಕಮಿಷನ್ ಇಲ್ಲ. ಕಟ್ಟಡದ ಮಾಲೀಕರು ಕೊಳ್ಳುವವರಿಗೆ ಹೊಸ ಕರಾರು ಮಾಡಿಕೊಟ್ಟು, ಪೂರ್ತಿ ಹಣ ಮಾರುವವರ ಖಾತೆಗೆ ಬಂದಲ್ಲಿ ಮಾತ್ರ ಕಮಿಷನ್ ಸಲ್ಲುತ್ತದೆ. ಇನ್ನಿತರ ಮಧ್ಯವರ್ತಿಗಳಿದ್ದಲ್ಲಿ ಅವರ ಪಾಲು ಇದರಲ್ಲೇ ಅಡಕ. ಜಿ.ಎಸ್.ಟಿ. ಇದ್ದಲ್ಲಿ ಬಿಲ್ ಮೇಲೆ ಮಾತ್ರ. ಅವಧಿ 90 ದಿನ.”

ಜಿ.ಎಸ್.ಟಿ. ಸಾಲು ಏಕೆಂದರೆ, ನೋಂದಣಿ ಇರುವ ಬ್ರೋಕರ್ ಮಾತ್ರ ಕಮಿಷನ್ ಮೇಲೆ ಶೇ. 18 ಸೇರಿಸಬಹುದು. 17,100ಕ್ಕೆ ಅದು 3,078 ರೂಪಾಯಿ. ನೋಂದಣಿಯೇ ಇಲ್ಲದವರು ಕೇಳಿದರೆ ಕೊಡಬೇಕಿಲ್ಲ. ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿದರೆ ಒಳ್ಳೆಯದು.

ಕಮಿಷನ್ ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ನೀವೇ ಕಟ್ಟಿ ಬೆಳೆಸಿದ ಗುಡ್‌ವಿಲ್‌ಗೆ ಆದಾಯ ತೆರಿಗೆಯಲ್ಲಿ ಕೊಂಡ ಬೆಲೆ ಸೊನ್ನೆ, ಬಂದದ್ದೆಲ್ಲ ಬಂಡವಾಳ ಲಾಭ. ಆ ಲಾಭದಲ್ಲಿ ಕಳೆಯಲು ಸಿಗುವುದು ಬ್ರೋಕರ್ ಕಮಿಷನ್‌ನಂಥ ಮಾರಾಟದ ಖರ್ಚು, ಅದೂ ದಾಖಲೆ ಇದ್ದರೆ. ಗುಡ್‌ವಿಲ್ ನಗದಾಗಿ ತೆಗೆದುಕೊಳ್ಳುವ ಆಸೆ ಬೇಡ: ಒಬ್ಬರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು 2017ರ ಏಪ್ರಿಲ್‌ನಿಂದ ಕಾನೂನು ತಡೆದಿದೆ, ಪಡೆದರೆ ದಂಡ ಅಷ್ಟೇ ಮೊತ್ತದವರೆಗೆ. ಕಂತು ಮಾಡಿ ಪಡೆದರೂ ಒಂದೇ ವ್ಯವಹಾರವಾದರೆ ತಪ್ಪಿಸಿಕೊಳ್ಳಲಾಗದು.

ಕೊಳ್ಳುವವರು “ಹತ್ತಿರದಲ್ಲಿ ಮತ್ತೆ ಹೋಟೆಲ್ ತೆರೆಯಬಾರದು” ಅಂತ ಬರೆಸಿಕೊಳ್ಳುತ್ತಾರೆ. ಗುಡ್‌ವಿಲ್ ಮಾರಿದಾಗ ಇಂಥ ಷರತ್ತು ನ್ಯಾಯವಾದ ಮಿತಿಯೊಳಗೆ ಊರ್ಜಿತ. ಒಂದೆರಡು ವರ್ಷ, ಒಂದೆರಡು ಕಿಲೋಮೀಟರ್‌ಗೆ ಒಪ್ಪಬಹುದು. “ತುಮಕೂರು ನಗರ ಪೂರ್ತಿ” ಅಂತ ಇದ್ದರೆ ಒಪ್ಪಬೇಡಿ.

ಮನೆ ಖಾಲಿ ಮಾಡುವ ದಿನ ಅಂಗಡಿ ಕೊಡುವ ದಿನವೇ ಆಗಬೇಕಿಲ್ಲ. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಅಂತ 15 ದಿನವೋ ಒಂದು ತಿಂಗಳೋ ಹೆಚ್ಚು ಕೇಳಿ, ಅಷ್ಟು ದಿನದ ಮನೆ ಬಾಡಿಗೆ ಯಾರು ಕೊಡುತ್ತಾರೆ ಅಂತ ಕರಾರಿನಲ್ಲೇ ಬರೆಸಿ. ಹಾಗಿದ್ದಾಗ ಬ್ರೋಕರ್‌ಗೆ ಕೊಡಬೇಕಾದ ಎರಡನೇ ಅರ್ಧ ಅಂಗಡಿ ಬೀಗದ ಕೈ ಕೊಟ್ಟ ದಿನಕ್ಕೆ ನಿಲ್ಲಲಿ, ಮನೆ ಖಾಲಿಯಾಗುವವರೆಗೆ ಅವರನ್ನು ಕಾಯಿಸುವುದು ಸರಿಯಲ್ಲ. ಆಗ “ಬಾಕಿ ಇಲ್ಲ” ಪತ್ರವೂ ಅಂಗಡಿಯ ಮಟ್ಟಿಗೆ ಬಂದರೆ ಸಾಕು.

ಕೊಡುವ ದಿನ ಬೆಳಿಗ್ಗೆ ಬೆಸ್ಕಾಂ ಮೀಟರ್ ಮುಂದೆ ನೀವು, ಕೊಳ್ಳುವವರು, ಓನರ್ ಮೂವರೂ ನಿಂತು ರೀಡಿಂಗ್ ಫೋಟೋ ತೆಗೆಯಿರಿ. ಅಂಗಡಿಗೂ ಮನೆಗೂ ಬೇರೆ ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇದ್ದರೆ ಎರಡನ್ನೂ. ಒಂದೇ ಮೀಟರ್ ಇದ್ದು ನೀವು ಇನ್ನೂ ಮೇಲೆ ವಾಸವಿದ್ದರೆ, ಆ ದಿನಗಳ ಮನೆ ಕರೆಂಟಿಗೆ ಇಷ್ಟು ಅಂತ ಒಂದು ಮೊತ್ತವನ್ನು ಅಲ್ಲೇ ಗೊತ್ತು ಮಾಡಿ, ದಾಸ್ತಾನು ತೂಕ ಹಾಕಿ ಮುಗಿಸಿ, ಪಟ್ಟಿಯ ಪ್ರತಿ ಸಾಲಿಗೂ ಕೊಳ್ಳುವವರಿಂದ ಟಿಕ್ ಹಾಕಿಸಿ, ಕೆಳಗೆ ಸಹಿ ಪಡೆಯಿರಿ. ಬ್ರೋಕರ್ ಮೊಬೈಲಿಗೆ ಉಳಿದ ದುಡ್ಡು ಕಳಿಸುವುದು ಆಮೇಲೆ.